ಮಿಜೆಟ್, ಎಂಜಿಬಿ, ಸ್ಪಿಟ್‌ಫೈರ್: ಶೆಲ್ಸ್ಲಿ ಗುಡ್ಡ ಹತ್ತಿಸಿದ ಮೇಲೆ ನಾನು ಪಾಲು ಹಾಕಿದ ಕಾರು

ಮೊದಲೇ ಹೇಳಿಬಿಡುತ್ತೇನೆ. ಗೆಳೆಯರ ಜೊತೆ ವರ್ಷಕ್ಕೆ ಮೂರು ನಾಲ್ಕು ವಾರಾಂತ್ಯ ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಓಡಿಸಬೇಕು, ದುಡ್ಡು ಜಾಸ್ತಿ ಇಲ್ಲ, ರಿಪೇರಿ ಕೈಯಾರೆ ಮಾಡಿಕೊಳ್ಳುತ್ತೇವೆ ಅನ್ನುವವರು 1275 ಸಿಸಿ ಇಂಜಿನ್ ಇರುವ ಎಂಜಿ ಮಿಜೆಟ್ ತಗೊಳ್ಳಿ. ನಾನು ಮೊದಲು ತಗೊಂಡಿದ್ದು ಟ್ರಯಂಫ್ ಸ್ಪಿಟ್‌ಫೈರ್ 1500. ಅದು ನನ್ನ ಹತ್ತಿರ ಐದು ತಿಂಗಳೂ ನಿಲ್ಲಲಿಲ್ಲ. ಎಂಜಿಬಿ ಒಳ್ಳೆಯ ಕಾರು, ಅದರ ಮೇಲೆ ನನಗೆ ದೂರಿಲ್ಲ, ಆದರೆ ನನ್ನ ಕೈಗೆ ಎಟುಕಲಿಲ್ಲ. ಮೂರನ್ನೂ ಓಡಿಸಿ ನೋಡಿದ್ದೇನೆ. ಎರಡನ್ನು ಗುಡ್ಡ ಹತ್ತಿಸಿದ್ದೇನೆ, ಒಂದನ್ನು ಬಯಲಲ್ಲಿ ಗಡಿಯಾರದ ಎದುರು ಓಡಿಸಿದ್ದೇನೆ.

ನಾವು ಮೂವರು. ನಾನು ಹಾಸನದವನು, ಒಬ್ಬ ಧಾರವಾಡದವನು, ಇನ್ನೊಬ್ಬ ಪುತ್ತೂರಿನವನು. ಕೆಲಸದ ದೆಸೆಯಿಂದ ಮೂವರೂ ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾ ಸುತ್ತಮುತ್ತ ಬಂದು ಸೇರಿಕೊಂಡಿದ್ದೇವೆ. ಈ ಸೀಮೆಯಲ್ಲಿ ಹಳೆ ಕಾರಿನ ಹುಚ್ಚು ಹತ್ತದೇ ಇರುವುದು ಕಷ್ಟ. ಸ್ಪಿಟ್‌ಫೈರ್ ಹುಟ್ಟಿದ್ದು ಇಲ್ಲೇ ಪಕ್ಕದ ಕವೆಂಟ್ರಿಯ ಕ್ಯಾನ್ಲಿ ಕಾರ್ಖಾನೆಯಲ್ಲಿ. ಎಂಜಿಗಳ ತವರು ಆಬಿಂಗ್ಡನ್, ಅದೂ ದೂರವಿಲ್ಲ. ಎಂಜಿಬಿ ಮತ್ತು ಸ್ಪಿಟ್‌ಫೈರ್ ಎರಡೂ 1962ರಲ್ಲಿ ಬಂದವು, ಮಿಜೆಟ್ ಅದಕ್ಕಿಂತ ಒಂದು ವರ್ಷ ಮೊದಲು.

ಒಂದು ಮಾತು. ಇಲ್ಲಿ ‘ವಿಂಟೇಜ್’ ಅನ್ನುವ ಪದವನ್ನು ಸುಮ್ನೆ ಎಲ್ಲ ಹಳೆ ಕಾರಿಗೂ ಅಂಟಿಸುವ ಹಾಗಿಲ್ಲ. 1930 ಮುಗಿಯುವುದರೊಳಗೆ ತಯಾರಾದ ಕಾರುಗಳಿಗಷ್ಟೇ ಆ ಮರ್ಯಾದೆ. ನಮ್ಮಂಥವನ್ನು ‘ಕ್ಲಾಸಿಕ್’ ಅನ್ನುತ್ತಾರೆ. ಊರಲ್ಲಿ ನಾವು ಎಲ್ಲವನ್ನೂ ವಿಂಟೇಜ್ ಅಂತಲೇ ಕರೆಯುತ್ತೇವೆ, ಮನೆಗೆ ಫೋನ್ ಮಾಡಿದಾಗ ನಾನೂ ಹಾಗೇ ಹೇಳುತ್ತೇನೆ.

ಇನ್ನು ರೇಸ್ ಅಂದರೆ ಎಂಥ ರೇಸ್? ಸರ್ಕ್ಯೂಟಿನಲ್ಲಿ ಪಕ್ಕಪಕ್ಕ ಓಡಿಸುವುದಕ್ಕೆ ಪರೀಕ್ಷೆ ಕಟ್ಟಿ ಪಾಸಾಗಿ ಲೈಸೆನ್ಸ್ ತಗೊಳ್ಳಬೇಕು, ಕಾರಿಗೆ ಕಬ್ಬಿಣದ ಪಂಜರ ಹಾಕಿಸಬೇಕು, ಅದು ಬೇರೆಯೇ ಖರ್ಚು. ನಾವು ಹೋಗುವುದು ಹಿಲ್ ಕ್ಲೈಂಬಿಗೆ. ಒಂದು ಸಲಕ್ಕೆ ಒಬ್ಬರೇ ಹೊರಡಬೇಕು, ಗಡಿಯಾರವೇ ಎದುರಾಳಿ. ಪಕ್ಕದಲ್ಲಿ ಯಾರೂ ಗುದ್ದಲು ಬರುವುದಿಲ್ಲ. ಮನೆಯಿಂದ ಓಡಿಸಿಕೊಂಡು ಹೋದ ಕಾರಿನಲ್ಲೇ ಸ್ಪರ್ಧಿಸಿ ಅದರಲ್ಲೇ ವಾಪಸ್ ಬರಬಹುದು. ಇನ್ನೊಂದು ಅನುಕೂಲ, ಒಂದೇ ಕಾರಿನಲ್ಲಿ ಇಬ್ಬರು ಹೆಸರು ಕೊಡಬಹುದು. ಒಬ್ಬ ಹತ್ತಿ ಇಳಿದು ಬಂದ ಮೇಲೆ ಇನ್ನೊಬ್ಬ ಹತ್ತುತ್ತಾನೆ. ಪ್ರವೇಶ ಶುಲ್ಕ ಮಾತ್ರ ಇಬ್ಬರೂ ಬೇರೆ ಬೇರೆ ಕಟ್ಟಬೇಕು. ಈ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತದೆ.

ಜಾಗ ಶೆಲ್ಸ್ಲಿ ವಾಲ್ಶ್. ವುಸ್ಟರ್‌ಶೈರಿನ ಒಳಗೆ, ಟೀಮ್ ನದಿಯ ಕಣಿವೆಯಲ್ಲಿ, ತೋಟ ಗದ್ದೆಗಳ ನಡುವೆ ಒಂದು ಕಿರಿದಾದ ಟಾರ್ ರಸ್ತೆ ಗುಡ್ಡ ಹತ್ತುತ್ತದೆ. ಉದ್ದ 1000 ಗಜ, ಏರು 328 ಅಡಿ. 1905ರ ಆಗಸ್ಟಿನಲ್ಲಿ ಮೊದಲ ಸ್ಪರ್ಧೆ ನಡೆದದ್ದು, ಈಗಲೂ ಅದೇ ಹಳೆಯ ರಸ್ತೆ. ಮೊದಲು ಕೆನಲ್, ಆಮೇಲೆ ಕ್ರಾಸಿಂಗ್ ಅನ್ನುವ ತಿರುವುಗಳು, ಅಲ್ಲಿಂದ ನೇರ ಓಟ, ತಕ್ಷಣ ಎಡಕ್ಕೆ ಒಂದು ಗಟ್ಟಿ ತಿರುವು, ಅದರ ಬೆನ್ನಿಗೇ ಬಲಕ್ಕೆ ಇನ್ನೊಂದು. ಈ ಜೋಡಿ ತಿರುವಿಗೆ ಎಸ್ಸಸ್ ಅನ್ನುತ್ತಾರೆ. ಆಮೇಲೆ ಮುಗಿಯುವ ತನಕ ನೇರ. ಹೇಳುವುದಕ್ಕೆ ಇಷ್ಟೇ. ಕೂತು ಹತ್ತಿಸುವಾಗ ಎದೆ ಬಡಿತ ಹೆಲ್ಮೆಟ್ ಒಳಗೆ ಕೇಳಿಸುತ್ತದೆ.

ಎಂಜಿಬಿಯ ಮಾತು ಮೊದಲು ಮುಗಿಸುತ್ತೇನೆ. ಪುತ್ತೂರಿನವನ ಎಂಜಿಬಿಯನ್ನು ನಾನು ಓಡಿಸಿದ್ದು ಸ್ಪಿಟ್‌ಫೈರ್ ತಗೊಳ್ಳುವುದಕ್ಕೂ ಮೊದಲು, ಲಿಚ್‌ಫೀಲ್ಡ್ ಹತ್ತಿರದ ಕರ್ಬರೋದಲ್ಲಿ ನಡೆದ ಒಂದು ಸ್ಪ್ರಿಂಟಿನಲ್ಲಿ. ಅಲ್ಲೂ ಗಡಿಯಾರವೇ ಎದುರಾಳಿ, ಆದರೆ ಬಯಲು ಜಾಗ, ಏರಿಲ್ಲ. ಚಾವಿ ತಿರುಗಿಸಿದ ಕೂಡಲೇ ನನಗೆ ನಮ್ಮ ಮನೆ ನೆನಪಾಯಿತು. ಅಪ್ಪನ ಬಿಳಿ ಅಂಬಾಸಿಡರ್ ಬೆಳಿಗ್ಗೆ ಹೊತ್ತು ಶುರುವಾಗುವಾಗ ಟ್ಯಾಪೆಟ್ಟಿನ ಟಕಟಕ ಸದ್ದು ಅಡುಗೆಮನೆ ತನಕ ಬರುತ್ತಿತ್ತು. ಅದೇ ಸದ್ದು! ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್, ಎಂಜಿಬಿಯ 1798 ಸಿಸಿ ಇಂಜಿನ್, ಎರಡೂ ಬಿ ಸೀರೀಸ್ ಅನ್ನುವ ಒಂದೇ ವಂಶದವು. ನಾನು ಹುಟ್ಟಿ ಬೆಳೆದದ್ದೇ ಈ ಸದ್ದಿನಲ್ಲಿ, ಅದು ಇಲ್ಲಿ, ಇಷ್ಟು ದೂರ ಬಂದ ಮೇಲೆ, ಒಂದು ಕೆಂಪು ಸ್ಪೋರ್ಟ್ಸ್ ಕಾರಿನ ಬಾನೆಟ್ ಕೆಳಗಿಂದ ಕೇಳಿದಾಗ ಸ್ವಲ್ಪ ಹೊತ್ತು ಗೇರ್ ಹಾಕಲೇ ಮನಸ್ಸಾಗಲಿಲ್ಲ.

ಎಂಜಿಬಿಗೆ ಜೋರು ಇದೆ. ಎರಡನೇ ಗೇರಿನಲ್ಲಿ ಕೆಳಗಿನಿಂದಲೇ ಎಳೆಯುತ್ತದೆ, ತಪ್ಪು ಗೇರಿನಲ್ಲಿದ್ದರೂ ಕ್ಷಮಿಸುತ್ತದೆ. ಪುತ್ತೂರಿನವನದಕ್ಕೆ ಓವರ್‌ಡ್ರೈವ್ ಇದೆ, ಟಾಪ್ ಗೇರಿನ ಮೇಲೆ ಇನ್ನೊಂದು ಗೇರ್ ಇದ್ದ ಹಾಗೆ; ಮೋಟರ್‌ವೇ ಮೇಲೆ ಸ್ವಿಚ್ ಒತ್ತಿದರೆ ಇಂಜಿನ್ ಉಸಿರು ಬಿಟ್ಟ ಹಾಗೆ ತಣ್ಣಗಾಗುತ್ತದೆ. ಡಿಕ್ಕಿಯಲ್ಲಿ ಟೆಂಟು, ಟೂಲ್ ಪೆಟ್ಟಿಗೆ, ಮೂವರ ಊಟ ಎಲ್ಲ ಹಿಡಿಯುತ್ತದೆ. ಆರಡಿ ಮೀರಿದವರು ಕೂರಬಹುದು. ಬಿಡಿಭಾಗ ಯಾವುದು ಕೇಳಿದರೂ ಸಿಗುತ್ತದೆ. ಹಾಗಾದರೆ ಯಾಕೆ ಬೇಡ? ಬೆಲೆ. ತುಕ್ಕಿಲ್ಲದ, ಕ್ರೋಮ್ ಬಂಪರಿನ ಒಂದು ಓಪನ್ ಎಂಜಿಬಿಗೆ ಕೇಳುತ್ತಿದ್ದ ದುಡ್ಡು ನನ್ನ ಲೆಕ್ಕದ ಎರಡರಷ್ಟಿತ್ತು. ಇನ್ನೊಂದು ಕಾರಣ ತೂಕ. ಮಿಜೆಟ್‌ಗಿಂತ ಹೆಚ್ಚುಕಮ್ಮಿ 200 ಕೆಜಿ ಜಾಸ್ತಿ. ತಿರುವಿಗೆ ಬಿಟ್ಟಾಗ ಆ ತೂಕ ಗೊತ್ತಾಗುತ್ತದೆ, ಕಾರು ಒಂದು ಕ್ಷಣ ಯೋಚನೆ ಮಾಡಿ ತಿರುಗುತ್ತದೆ. ಟೈರು, ಬ್ರೇಕ್ ಪ್ಯಾಡು ಅಷ್ಟೇ ಬೇಗ ಸವೆಯುತ್ತವೆ.

ಇಷ್ಟಾದ ಮೇಲೆ ನಾನು ಸ್ಪಿಟ್‌ಫೈರ್ ತಗೊಂಡೆ. ಕಾರಣ ಪೂರ್ತಿ ಮನಸ್ಸಿನದ್ದು. ಮೈಸೂರಿನಲ್ಲಿ ಸೋದರಮಾವನ ಹತ್ತಿರ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್ ಇತ್ತು, ಮದರಾಸಿನಲ್ಲಿ ತಯಾರಾಗಿದ್ದು. ಬಾನೆಟ್ಟು ಮಡ್‌ಗಾರ್ಡ್ ಸಮೇತ ಇಡಿಯಾಗಿ ಮುಂದಕ್ಕೆ ಬಾಗಿ ತೆರೆದುಕೊಳ್ಳುತ್ತಿತ್ತು. ಭಾನುವಾರ ಮಾವ ಮುಂದಿನ ಚಕ್ರದ ಮೇಲೆ ಕೂತು ಪ್ಲಗ್ ತಿಕ್ಕುತ್ತಿದ್ದರು, ನಾನು ಇನ್ನೊಂದು ಚಕ್ರದ ಮೇಲೆ ಕೂತು ಬಟ್ಟೆ ಹಿಡಿದುಕೊಂಡಿರುತ್ತಿದ್ದೆ. ಸ್ಪಿಟ್‌ಫೈರ್ ಅದೇ ಹೆರಾಲ್ಡಿನ ಚಾಸಿಯನ್ನು ಮೊಟಕು ಮಾಡಿ ಕಟ್ಟಿದ ಕಾರು. ಎರಡರ ಮೈಯನ್ನೂ ವಿನ್ಯಾಸ ಮಾಡಿದವರು ಇಟಲಿಯ ಜೊವಾನಿ ಮಿಕೆಲೋಟಿ. ಬಾನೆಟ್ ಹಾಗೇ ತೆರೆಯುತ್ತದೆ, ಚಕ್ರದ ಮೇಲೆ ಹಾಗೇ ಕೂರಬಹುದು. ಮಾರುವವರ ಮನೆಯಂಗಳದಲ್ಲಿ ಬಾನೆಟ್ ಎತ್ತಿದ ಕೂಡಲೇ ನಾನು ಚಕ್ರದ ಮೇಲೆ ಕೂತುಬಿಟ್ಟೆ. ಅಲ್ಲಿಗೆ ವ್ಯಾಪಾರ ಮುಗಿಯಿತು. 4,200 ಪೌಂಡ್.

ನೋಡಬೇಕಾದ್ದನ್ನು ನಾನು ನೋಡಲಿಲ್ಲ. ಇಲ್ಲಿ 40 ವರ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ ಇಲ್ಲ, ವರ್ಷಾವರ್ಷದ ಎಂಒಟಿ ತಪಾಸಣೆಯೂ ಕಡ್ಡಾಯವಲ್ಲ. ಆ ಕಾರು ಹಲವು ವರ್ಷ ತಪಾಸಣೆ ಕಂಡಿರಲಿಲ್ಲ. ಬಣ್ಣ ಚೆನ್ನಾಗಿತ್ತು, ಸೀಟು ಹೊಸದಾಗಿತ್ತು, ಇಂಜಿನ್ ಸದ್ದೂ ಸರಿಯಾಗಿತ್ತು.

ಶೆಲ್ಸ್ಲಿಗೆ ಶನಿವಾರ ಬೆಳಿಗ್ಗೆ ಐದೂವರೆಗೆ ಮೂರು ಕಾರು ಸಾಲಾಗಿ ಹೊರಟೆವು. ಹೆಂಡತಿ ಪುಳಿಯೋಗರೆ ಕಟ್ಟಿಕೊಟ್ಟಿದ್ದಳು, ಧಾರವಾಡದವನ ಮನೆಯಿಂದ ಚಪಾತಿ, ಶೇಂಗಾ ಚಟ್ನಿಪುಡಿ, ಮೊಸರು. ಅಲ್ಲಿ ನಂಬರ್ ಬರೆದ ಹಳೆಯ ಮಾಡುಗಳ ಕೆಳಗೆ ಕಾರು ನಿಲ್ಲಿಸುತ್ತಾರೆ. ತಪಾಸಣೆಗೆ ಬಂದವರು ಬ್ಯಾಟರಿಯ ಅರ್ತ್ ವೈರಿಗೆ ಹಳದಿ ಟೇಪ್ ಸುತ್ತಿದ್ದೀರಾ, ಆಕ್ಸಿಲರೇಟರ್‌ಗೆ ಎರಡನೇ ಸ್ಪ್ರಿಂಗ್ ಇದೆಯಾ, ಕಾರಿನ ಮೂತಿಗೆ ಕಪ್ಪು ಪಟ್ಟಿ ಇದೆಯಾ ಅಂತ ಒಂದೊಂದಾಗಿ ನೋಡಿದರು. ಆ ಪಟ್ಟಿ ಎರಡಿಂಚು ಅಗಲ, ಹತ್ತಿಂಚು ಉದ್ದ. ಬೆಳಕಿನ ಕಿರಣವನ್ನು ಅದು ಕತ್ತರಿಸಿದಾಗಲೇ ಗಡಿಯಾರ ಓಡಲು ಶುರು. ಹಸಿರು ದೀಪ ಬಂದ ತಕ್ಷಣ ಹೊರಡಬೇಕು ಅಂತೇನೂ ಇಲ್ಲ, ನೀವು ಸಿದ್ಧವಾದಾಗ ಹೊರಡಿ. ಏರಿನಲ್ಲಿ ಕಾರು ಹಿಂದಕ್ಕೆ ಜಾರದಂತೆ ಒಬ್ಬರು ಉದ್ದ ಹಿಡಿಯ ಮರದ ತುಂಡು ತಂದು ಹಿಂದಿನ ಚಕ್ರಕ್ಕೆ ಕೊಡುತ್ತಾರೆ.

ಮೊದಲ ಅಭ್ಯಾಸದ ಓಟ ಚೆನ್ನಾಗೇ ಆಯಿತು. ಎರಡನೇದಕ್ಕೆ ಸಾಲಿನಲ್ಲಿ ನಿಂತಿದ್ದೆ. ಮುಂದಿನವರ ಕಾರು ಮೇಲೆ ಹುಲ್ಲಿಗೆ ಹೋಗಿ ನಿಂತಿತ್ತು, ಕಾಯಿರಿ ಅಂದರು. ನಾನು ಒಂದನೇ ಗೇರ್ ಹಾಕಿ ಕ್ಲಚ್ ಒತ್ತಿ ಹಿಡಿದೇ ಕೂತಿದ್ದೆ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ಕಾರು ಕಲಿತವನು ನಾನು, ಸಿಗ್ನಲ್ ಯಾವಾಗ ಬಿಟ್ಟರೂ ಹೊರಡಬೇಕು ಅಂತ ಕ್ಲಚ್ ಮೇಲೇ ಕಾಲಿಟ್ಟುಕೊಂಡಿರುವುದು ಹಳೇ ಅಭ್ಯಾಸ. ಒಂದು ನಿಮಿಷ ಆಗಿರಬೇಕು. ಇಂಜಿನ್ನಿನ ಓಟ ತಾನಾಗಿಯೇ ಕುಗ್ಗಿತು. ಕಾಲಡಿಯಲ್ಲಿ ಗಡಗಡ ಅಂತ ಒಂದು ದಪ್ಪ ಸದ್ದು. ಕ್ಲಚ್ ಬಿಟ್ಟೆ, ಸದ್ದು ನಿಂತಿತು. ಮತ್ತೆ ಒತ್ತಿದೆ, ಮತ್ತೆ ಬಂತು. ಕೈ ಎತ್ತಿ ಸಾಲಿನಿಂದ ಹೊರಗೆ ಬಂದೆ.

ಮಾಡಿನ ಕೆಳಗೆ ಬಾನೆಟ್ ಮುಂದಕ್ಕೆ ಬಾಗಿಸಿದೆವು. ಪುತ್ತೂರಿನವನು ಕಾರಿನ ಮೂತಿಯ ಹತ್ತಿರ ಹುಲ್ಲಿನ ಮೇಲೆ ಅಡ್ಡ ಮಲಗಿ ಟಾರ್ಚ್ ಹಿಡಿದ. ಧಾರವಾಡದವನು ಸೀಟಿನಲ್ಲಿ ಕೂತ. ನಾನು ಚಕ್ರದ ಮೇಲೆ.

“ಒತ್ತು ಮಾರಾಯ ಒಮ್ಮೆ.”

“ಒತ್ತೇನಿ ನೋಡಲೇ.”

ಇಂಜಿನ್ನಿನ ಮುಂದಿರುವ ಫ್ಯಾನ್ ಬೆಲ್ಟಿನ ಪುಲ್ಲಿ ಮುಂದಕ್ಕೆ ಬಂತು. ಬಿಟ್ಟಾಗ ಹಿಂದಕ್ಕೆ ಹೋಯಿತು. ಒಂದು ರೂಪಾಯಿ ನಾಣ್ಯದ ದಪ್ಪಕ್ಕೆ ಕಮ್ಮಿ ಇರಲಿಲ್ಲ. ಪುಲ್ಲಿ ಕೂತಿರುವುದು ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ಅನ್ನುವ ದಪ್ಪ ದಂಡದ ತುದಿಯಲ್ಲಿ. ಅಂದರೆ ಇಂಜಿನ್ನಿನ ಒಳಗೆ ಕ್ರ್ಯಾಂಕೇ ಹಿಂದೆ ಮುಂದೆ ಓಡಾಡುತ್ತಿತ್ತು. ಪುತ್ತೂರಿನವನು ಎದ್ದು ಕೂತು ಬೆನ್ನಿನ ಹುಲ್ಲು ಕೊಡವಿಕೊಂಡ. “ಇದು ಎಂತದೂ ಇವತ್ತು ಮಾಡ್ಲಿಕ್ಕಾಗುವ ಕೆಲಸ ಅಲ್ಲ” ಅಂದ. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಈ ವಿಷಯವನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಸ್ಪಿಟ್‌ಫೈರ್ ನೋಡಲು ಹೋಗುವವರು ಇದೊಂದನ್ನು ನೋಡಿದರೆ ಸಾಕು ಅರ್ಧ ಗೆದ್ದ ಹಾಗೆ. ಕ್ಲಚ್ ಒತ್ತಿದಾಗ ಆ ಒತ್ತಡ ಫ್ಲೈವೀಲ್ (ಕ್ರ್ಯಾಂಕಿನ ಹಿಂತುದಿಯ ಭಾರದ ಚಕ್ರ) ಮೂಲಕ ಕ್ರ್ಯಾಂಕನ್ನು ಮುಂದಕ್ಕೆ ನೂಕುತ್ತದೆ. ಹಾಗೆ ನೂಕಿದಾಗ ಅದು ಸರಿಯದಂತೆ ತಡೆಯುವುದಕ್ಕೆ ಕ್ರ್ಯಾಂಕನ್ನು ಹೊತ್ತ ಹಿಂದಿನ ಮೇನ್ ಬೇರಿಂಗಿನ ಎರಡೂ ಮಗ್ಗುಲಲ್ಲಿ ಅರ್ಧಚಂದ್ರದ ಆಕಾರದ ಒಂದೊಂದು ಥ್ರಸ್ಟ್ ವಾಶರ್ ಇರುತ್ತದೆ. ಈ ಇಂಜಿನ್ನಿನಲ್ಲಿ ಮೇಲಿನ ಅರ್ಧಕ್ಕೆ ಮಾತ್ರ ವಾಶರ್, ಕೆಳಗಿನ ಅರ್ಧಕ್ಕೆ ಇಲ್ಲ. ಸವೆದು ತೆಳ್ಳಗಾದರೆ ಅದು ತನ್ನ ಜಾಗದಿಂದ ಸುತ್ತಿಕೊಂಡು ಕೆಳಗೆ ಬೀಳುತ್ತದೆ. ಬಿದ್ದ ಮೇಲೆ ಕ್ರ್ಯಾಂಕಿನ ಉಕ್ಕು ನೇರವಾಗಿ ಇಂಜಿನ್ ಬ್ಲಾಕಿಗೆ ತಿಕ್ಕುತ್ತದೆ. ಬೀಳುವ ಮೊದಲು ಗೊತ್ತಾದರೆ ಸಣ್ಣ ಖರ್ಚು, ಇಂಜಿನ್ ಇಳಿಸುವುದೂ ಬೇಡ. ಇಂಜಿನ್ ತಳದ ಎಣ್ಣೆ ಚೇಂಬರ್ ಬಿಚ್ಚಿ, ಬೇರಿಂಗ್ ಕ್ಯಾಪ್ ತೆಗೆದು, ಹೊಸ ವಾಶರನ್ನು ಗೀರಿರುವ ಮುಖ ಕ್ರ್ಯಾಂಕಿನ ಕಡೆಗಿರುವ ಹಾಗೆ ಜಾರಿಸಿದರೆ ಆಯಿತು. ಒಂದು ದಿನದ ಕೆಲಸ. ಬಿದ್ದ ಮೇಲೆ ಗೊತ್ತಾದರೆ ಬ್ಲಾಕೇ ಹೋಗಬಹುದು.

ನನ್ನದು ಬಿದ್ದಿತ್ತು. ಮುಂದಿನ ವಾರ ಚೇಂಬರ್ ಬಿಚ್ಚಿದಾಗ ಕಪ್ಪು ಎಣ್ಣೆಯಲ್ಲಿ ಬೆರಳು ಆಡಿಸಿದೆ, ತಳದಲ್ಲಿ ಸಿಕ್ಕಿತು. ಉಗುರಿನಷ್ಟು ತೆಳ್ಳಗೆ, ಅಂಚು ಬ್ಲೇಡಿನ ಹಾಗೆ ಹರಿತ. ಬ್ಲಾಕಿನ ಮುಖದಲ್ಲಿ ಹೊಳೆಯುವ ಗೀರು. ಲೇತಿನವರು ಹೇಳಿದ ಖರ್ಚು ಕಾರಿನ ಅರ್ಧ ಬೆಲೆಗಿಂತ ಜಾಸ್ತಿ. ಇದಕ್ಕೆ ಕಾರು ಮಾಡಿದವರನ್ನು ದೂರುವುದು ಸರಿಯಲ್ಲ, 45 ವರ್ಷ ದುಡಿದ ಇಂಜಿನ್ ಅದು. ಯಾರೋ ಒಬ್ಬರು ನಡುವೆ ಒಂದು ದಿನ ಚೇಂಬರ್ ಬಿಚ್ಚಿ ನೋಡಿದ್ದರೆ ಉಳಿಯುತ್ತಿತ್ತು. ನಾನು ಕೊಳ್ಳುವಾಗ ಹೆಂಡತಿಗೆ ಕ್ಲಚ್ ಒತ್ತು ಅಂತ ಹೇಳಿ ಪುಲ್ಲಿ ನೋಡಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಆ ಎರಡು ನಿಮಿಷವನ್ನು ನಾನು ಚಕ್ರದ ಮೇಲೆ ಕೂತು ಕಳೆದೆ. ಕೊನೆಗೆ ರಿಪೇರಿಗೆ ಇರುವ ಕಾರು ಅಂತ ಎಲ್ಲ ವಿವರ ಹೇಳಿಯೇ ಮಾರಿದೆ. 2,300 ಪೌಂಡ್ ಬಂತು.

ಸ್ಪಿಟ್‌ಫೈರ್ ಬಗ್ಗೆ ಒಳ್ಳೆಯದನ್ನೂ ಹೇಳಬೇಕು. ಕೆಲಸ ಮಾಡಲು ಅದರಷ್ಟು ಸುಲಭದ ಇಂಜಿನ್ ಕೋಣೆ ಇನ್ನೊಂದಿಲ್ಲ, ನಿಂತ ಜಾಗದಲ್ಲೇ ತಿರುಗುವ ಕಾರು, ನೋಡಲು ಮೂರರಲ್ಲೂ ಚಂದ. ಮೊದಲಿನ ಮಾದರಿಗಳಲ್ಲಿ ಜೋರು ತಿರುವಿನಲ್ಲಿ ಹಿಂದಿನ ಚಕ್ರ ಒಳಕ್ಕೆ ಮಡಿಚಿಕೊಳ್ಳುವ ಭಯ ಇತ್ತು, 1970ರ ಮಾರ್ಕ್ ಫೋರ್‌ನಿಂದ ಹಿಂದಿನ ಸ್ಪ್ರಿಂಗ್ ಬದಲಾಯಿಸಿ ಅದನ್ನು ಸರಿ ಮಾಡಿದರು. ನನ್ನದರಲ್ಲಿ ಆ ಭಯ ಆಗಲೇ ಇಲ್ಲ.

ಈಗ ಮಿಜೆಟ್. ಶನಿವಾರ ಮಧ್ಯಾಹ್ನ ಪುಳಿಯೋಗರೆ ಡಬ್ಬಿ ತೆರೆದಿಟ್ಟುಕೊಂಡು ಮೂವರೂ ಸುಮ್ಮನೆ ಕೂತಿದ್ದೆವು. ಧಾರವಾಡದವನು ಎದ್ದು ಆಯೋಜಕರ ಟೆಂಟಿಗೆ ಹೋದ. ಹತ್ತು ನಿಮಿಷ ಬಿಟ್ಟು ಬಂದು, “ನಾಳೆ ನನ್ನ ಗಾಡ್ಯಾಗ ಓಡಸು. ಕೇಳಿ ಬಂದೇನಿ, ಹೂಂ ಅಂದಾರ” ಅಂದ. ಅವನು ಆ ಕಾರನ್ನು ಮೂರು ಚಳಿಗಾಲ ಕೂತು ಕಟ್ಟಿದ್ದಾನೆ. ಬೇರೆಯವರು ತೊಳೆಯಲು ಬಂದರೂ ಹತ್ತಿರ ನಿಂತು ನೋಡುವವನು. ಅಂಥವನು ಚಾವಿ ಕೊಟ್ಟ. ನಾನು ಅದನ್ನು ಮರೆಯುವುದಿಲ್ಲ.

ಮಿಜೆಟ್ ಒಳಗೆ ಕೂರುವುದು ಅಂದರೆ ಅಂಗಿ ತೊಟ್ಟ ಹಾಗೆ. ಮೊಣಕೈ ಬಾಗಿಲಿಗೆ ತಾಗುತ್ತದೆ, ಬೆನ್ನಿನ ಹಿಂದೆಯೇ ಹಿಂದಿನ ಚಕ್ರ. ಸ್ಟೇರಿಂಗ್ ಎಷ್ಟು ಚುರುಕು ಅಂದರೆ ಮಣಿಕಟ್ಟು ಆಡಿಸಿದರೆ ಸಾಕು ಮೂತಿ ಹೊರಳುತ್ತದೆ. ಕಾರಿನ ತೂಕ 700 ಕೆಜಿ ಆಸುಪಾಸು, ಇಂಜಿನ್ 65 ಕುದುರೆ ಬಲ. ಕಾಗದದ ಮೇಲೆ ಇದು ಏನೂ ಅಲ್ಲ. ಆದರೆ ಕ್ರಾಸಿಂಗ್ ದಾಟಿ ಎಸ್ಸಸ್‌ಗೆ ಬರುವಾಗ ಎಂಜಿಬಿಯವರು ಬ್ರೇಕ್ ಹಿಡಿಯುವ ಜಾಗ ದಾಟಿ ಇನ್ನೂ ಒಂದು ಕಾರಿನಷ್ಟು ಉದ್ದ ಹೋಗಿ ಬ್ರೇಕ್ ಹಿಡಿಯಬಹುದು. ಎಡಕ್ಕೆ ಹಾಕಿದರೆ ಹಿಂದುಗಡೆ ಸ್ವಲ್ಪವೇ ಜಾರುತ್ತದೆ, ಅದು ಸೀಟಿನಲ್ಲೇ ಗೊತ್ತಾಗುತ್ತದೆ, ಹೆದರಿಕೆಯಾಗುವ ಮೊದಲೇ ಕೈ ಸರಿಪಡಿಸಿರುತ್ತದೆ. ಬಲಕ್ಕೆ ತಿರುಗಿ ಎದ್ದಾಗ ಎದುರಿಗೆ ಮಣ್ಣಿನ ದಿಬ್ಬ, ಅದರ ಮೇಲೆ ಕೂತ ಜನ. ಅಲ್ಲಿಂದ ಮೇಲಕ್ಕೆ ನೇರ ಓಟದಲ್ಲಿ ಮಾತ್ರ ಸಣ್ಣ ಇಂಜಿನ್ ಉಬ್ಬಸ ಪಡುತ್ತದೆ, ಎಂಜಿಬಿ ಅಲ್ಲಿ ಗೆಲ್ಲುತ್ತದೆ. ಭಾನುವಾರದ ಕೊನೆಯ ಓಟದಲ್ಲಿ ಪುತ್ತೂರಿನವನು ನನಗಿಂತ ಒಂದು ಸೆಕೆಂಡಿಗೂ ಕಮ್ಮಿ ಅಂತರದಲ್ಲಿ ಮುಂದಿದ್ದ. ಧಾರವಾಡದವನು ಅವನಿಗಿಂತಲೂ ಮುಂದೆ, ಅದೇ ಮಿಜೆಟ್‌ನಲ್ಲಿ.

ಹತ್ತಿದವರೆಲ್ಲ ಗುಡ್ಡದ ತಲೆಯಲ್ಲಿ ನಿಂತು ಕಾದು, ಒಟ್ಟಿಗೆ ಅದೇ ರಸ್ತೆಯಲ್ಲಿ ಇಳಿದು ಬರಬೇಕು. ಮೇಲೆ ಹೆಲ್ಮೆಟ್ ತೆಗೆದು ಕೂತರೆ ಬಿಸಿ ಎಣ್ಣೆಯ, ಬ್ರೇಕಿನ ವಾಸನೆ. ಕೆಳಗೆ ಕಣಿವೆಯ ಹಸಿರು. ಇಳಿಯುವಾಗ ರಸ್ತೆ ಪಕ್ಕದ ಜನ ಕೈ ಬೀಸುತ್ತಾರೆ. ಸಣ್ಣ ಕಾರಿಗೆ ಮಕ್ಕಳು ಜಾಸ್ತಿ ಬೀಸುತ್ತಾರೆ, ಇದನ್ನು ಲೆಕ್ಕ ಮಾಡಿಯೇ ಹೇಳುತ್ತಿದ್ದೇನೆ.

ಮಿಜೆಟ್‌ನ ಒಂದು ನಿಜವಾದ ತೊಂದರೆ ಕಾಲಿನ ಜಾಗ. ಮೂರು ಪೆಡಲ್ಲು ಒಂದು ಸಣ್ಣ ಡಬ್ಬಿಯೊಳಗೆ ಒತ್ತೊತ್ತಾಗಿವೆ. ನನ್ನದು ಅಗಲ ಪಾದ, ದಿನಾ ಹಾಕುವ ಬೂಟು ಹಾಕಿಕೊಂಡರೆ ಬ್ರೇಕ್ ಒತ್ತುವಾಗ ಅಂಚು ಆಕ್ಸಿಲರೇಟರ್‌ಗೆ ತಾಗುತ್ತದೆ. ತೆಳು ಅಟ್ಟೆಯ ರೇಸ್ ಬೂಟು ಹಾಕಿದ ಮೇಲೆ ಸರಿಹೋಯಿತು. ಎಡಗಾಲನ್ನು ಕ್ಲಚ್ಚಿನಿಂದ ತೆಗೆದು ಇಡಲು ಜಾಗವೇ ಇಲ್ಲ, ಮಡಿಚಿ ಹಿಂದಕ್ಕೆ ಎಳೆದುಕೊಳ್ಳಬೇಕು. ನನ್ನಂಥ ಅಭ್ಯಾಸದವರು ಇಲ್ಲಿ ಹುಷಾರಾಗಿರಬೇಕು, ಯಾಕೆಂದರೆ ಮಿಜೆಟ್‌ನ ಕ್ಲಚ್ ಬೇರಿಂಗ್ ಇಂಗಾಲದ್ದು, ಕಾಲಿಟ್ಟುಕೊಂಡೇ ಇದ್ದರೆ ಸವೆಯುತ್ತದೆ, ಅದನ್ನು ಬದಲಾಯಿಸಲು ಇಂಜಿನ್ನೂ ಗೇರ್‌ಬಾಕ್ಸೂ ಒಟ್ಟಿಗೆ ಹೊರಗೆ ಬರಬೇಕು. ಎಂಜಿಬಿಯಲ್ಲೂ ಹಾಗೇ, ಇಂಜಿನ್ ಇಳಿಸಲೇಬೇಕು. ಶೆಲ್ಸ್ಲಿಯಿಂದ ಬಂದ ಮೇಲೆ ನಾನು ಸಿಗ್ನಲ್‌ನಲ್ಲಿ ನ್ಯೂಟ್ರಲ್ ಮಾಡಿ ಕಾಲು ತೆಗೆಯುತ್ತೇನೆ. ಮನೆಯ ಹೊಸ ಕಾರಿನಲ್ಲೂ.

ಥ್ರಸ್ಟ್ ವಾಶರ್ ಮಿಜೆಟ್‌ನಲ್ಲೂ ಇದೆ, ಅಂಥ ಒಂದು ತಡೆ ಎಲ್ಲ ಇಂಜಿನ್ನಿನಲ್ಲೂ ಇರಲೇಬೇಕು. ಆದರೆ 1275ರಲ್ಲಿ ಅದು ನಡುವಿನ ಬೇರಿಂಗಿನಲ್ಲಿದೆ, ಮೇಲೆ ಕೆಳಗೆ ಎರಡೂ ಅರ್ಧ ಇದೆ, ಕೆಳಗಿನದನ್ನು ಕ್ಯಾಪ್ ಹಿಡಿದುಕೊಂಡಿರುತ್ತದೆ. ಸವೆದರೂ ಜಾರಿ ಚೇಂಬರಿಗೆ ಬೀಳಲು ದಾರಿಯಿಲ್ಲ. ಇಲ್ಲೇ ಒಂದು ಎಚ್ಚರಿಕೆ. 1974ರ ಕೊನೆಯಿಂದ ಬಂದ, ಕಪ್ಪು ರಬ್ಬರ್ ಬಂಪರಿನ ಮಿಜೆಟ್‌ಗಳಲ್ಲಿ ಇರುವುದು 1275 ಅಲ್ಲ, ಸ್ಪಿಟ್‌ಫೈರಿನದೇ 1493 ಸಿಸಿ ಇಂಜಿನ್. ಮಿಜೆಟ್ ಅಂತ ತಗೊಂಡು ನಾನು ಬಿಟ್ಟು ಬಂದ ಇಂಜಿನ್ನನ್ನೇ ಮನೆಗೆ ತಂದುಕೊಳ್ಳಬೇಡಿ. ತಂದುಕೊಂಡರೂ ಪುಲ್ಲಿ ನೋಡಿ ತನ್ನಿ. ಕ್ರೋಮ್ ಬಂಪರ್ ಹುಡುಕಿ.

ತುಕ್ಕು ಮೂರು ಕಾರಿಗೂ ಇದ್ದದ್ದೇ. ಮಿಜೆಟ್‌ಗೆ ಬೇರೆ ಚಾಸಿ ಇಲ್ಲ, ಮೈಯೇ ಚಾಸಿ. ಬಾಗಿಲ ಕೆಳಗಿನ ಸಿಲ್ಲು, ಬಾಗಿಲ ಕೀಲು ಕೂರುವ ಕಂಬದ ಬುಡ, ಹಿಂದಿನ ಲೀಫ್ ಸ್ಪ್ರಿಂಗ್ ಸಿಕ್ಕಿಸುವ ಜಾಗ, ಈ ಮೂರನ್ನು ಬೆರಳಿಟ್ಟು ಒತ್ತಿ ನೋಡಿ. ಬಾಗಿಲನ್ನು ಅರ್ಧ ತೆರೆದು ಮೇಲಕ್ಕೆ ಎತ್ತಿ, ಕಂಬವೇ ಅಲುಗಿದರೆ ಅಲ್ಲಿಂದ ಹೊರಟುಬಿಡಿ. ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಾದ ಕಿಂಗ್‌ಪಿನ್ನಿಗೆ ಗ್ರೀಸ್ ಹೊಡೆಯುತ್ತಿದ್ದರಾ ಅಂತ ಮಾಲೀಕರನ್ನು ಕೇಳಿ. ಉತ್ತರ ಕೊಡುವ ರೀತಿಯಲ್ಲೇ ಗೊತ್ತಾಗುತ್ತದೆ.

ಪೆಟ್ರೋಲ್ ಮೂರಕ್ಕೂ ಒಂದೇ ಮಾತು. 2021ರ ಸೆಪ್ಟೆಂಬರಿನಿಂದ ಇಲ್ಲಿ ಮಾಮೂಲಿ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇಕಡ 10ರ ತನಕ ಹೋಗಬಹುದು, ಹಳೆಯ ರಬ್ಬರ್ ಪೈಪನ್ನು ಅದು ತಿನ್ನುತ್ತದೆ. ದುಬಾರಿಯಾದರೂ ಎಥನಾಲ್ ಕಮ್ಮಿ ಇರುವ ಸೂಪರ್ ಪೆಟ್ರೋಲ್ ಹಾಕಿಸಿ, ಪೈಪುಗಳನ್ನು ಒಂದೇ ಸಲ ಬದಲಾಯಿಸಿಬಿಡಿ. ಇಂಜಿನ್ ಎಣ್ಣೆ 20ಡಬ್ಲ್ಯು-50, ಹೊಸ ಕಾರಿನ ತೆಳು ಎಣ್ಣೆ ಬೇಡ.

ಯಾರಿಗೆ ಯಾವುದು ಅಂತ ಕೇಳಿದರೆ, ಉದ್ದ ಇರುವವರು, ಹೆಂಡತಿ ಮಕ್ಕಳ ಜೊತೆ ವಾರಾಂತ್ಯ ಸುತ್ತಾಡಲಿಕ್ಕೂ ಅದೇ ಕಾರು ಬೇಕು ಅನ್ನುವವರು ಎಂಜಿಬಿ ಜಿಟಿ ನೋಡಿ. ಅದು ಮೇಲೆ ಗಟ್ಟಿ ಮಾಡು ಇರುವ ಮಾದರಿ, ಓಪನ್ ಕಾರಿಗಿಂತ ಬೆಲೆಯೂ ಕಮ್ಮಿ, ಹಿಂದೆ ಸಣ್ಣ ಮಕ್ಕಳು ಹೇಗೋ ಕೂರುತ್ತಾರೆ. ಪುತ್ತೂರಿನವನು ಮಿಜೆಟ್‌ನಲ್ಲಿ ಕೂತರೆ ಮೊಣಕಾಲು ಸ್ಟೇರಿಂಗಿಗೆ ತಾಗುತ್ತದೆ, ಅವನಿಗೆ ಎಂಜಿಬಿಯೇ ಸರಿ. ಸ್ಪಿಟ್‌ಫೈರ್ ಮೇಲೆ ಮನಸ್ಸಿದ್ದರೆ ಮಾರ್ಕ್ ಫೋರ್ ತಗೊಳ್ಳಿ, 1296 ಸಿಸಿ, ಮೇಲೆ ಹೇಳಿದ ಪರೀಕ್ಷೆ ಮಾಡಿಯೇ ದುಡ್ಡು ಕೊಡಿ. ನನ್ನ ಗ್ಯಾರೇಜು ಸಣ್ಣದು, ವಾರಕ್ಕೆ ಒಂದು ಸಂಜೆ ಸಿಕ್ಕರೆ ಹೆಚ್ಚು, ಗುಡ್ಡ ಹತ್ತಿಸುವಾಗ ತಿರುವು ಇಷ್ಟ, ನೇರ ರಸ್ತೆ ಅಷ್ಟಕ್ಕಷ್ಟೇ. ನನಗೆ ಮಿಜೆಟ್.

ಸ್ಪಿಟ್‌ಫೈರ್ ಮಾರಿ ಬಂದ ದುಡ್ಡಿಗೆ ಇನ್ನೂ 400 ಪೌಂಡ್ ಸೇರಿಸಿ ಧಾರವಾಡದವನ ಮಿಜೆಟ್‌ನಲ್ಲಿ ಅರ್ಧ ಪಾಲು ಹಾಕಿದ್ದೇನೆ. ಕಾಗದಪತ್ರದಲ್ಲಿ ಅವನ ಹೆಸರೇ ಇರಲಿ ಅಂದೆ. ಅವನು ಒಪ್ಪದೆ ಒಂದು ಹಾಳೆಯಲ್ಲಿ ಎಲ್ಲ ಬರೆದು ಇಬ್ಬರೂ ಸಹಿ ಹಾಕುವಂತೆ ಮಾಡಿದ. ಬೇಸಿಗೆಯ ಆರು ತಿಂಗಳು ಕಾರು ಅವನ ಮನೆಯಲ್ಲಿ, ಚಳಿಗಾಲ ನಮ್ಮ ಗ್ಯಾರೇಜಿನಲ್ಲಿ. ಈಗ ನಮ್ಮಲ್ಲಿದೆ. ಹಿಂದಿನ ಎಡ ಶಾಕ್ ಅಬ್ಸಾರ್ಬರ್ ಎಣ್ಣೆ ಒಸರುತ್ತಿದೆ, ಅದನ್ನು ಬಿಚ್ಚಿಟ್ಟಿದ್ದೇನೆ. ಬ್ರೇಕ್ ಪೆಡಲಿನ ರಬ್ಬರಿನ ಬಲ ಅಂಚನ್ನು ನನ್ನ ಪಾದಕ್ಕೆ ತಕ್ಕ ಹಾಗೆ ಕಾಲಿಂಚು ಕತ್ತರಿಸಬೇಕು, ಅದಕ್ಕೆ ಅವನನ್ನು ಕೇಳಿದ್ದೇನೆ. ಶನಿವಾರ ಬಂದು ನೋಡಿ ಹೇಳುತ್ತಾನಂತೆ.